ಗೆರೆಯ ಹಲಗೆ

ತೀರಿಕೊಂಡ ಹಿರಿಯರ ಪೀಠದ ಮುಂದೆ ಊದುಕಡ್ಡಿ ಹಚ್ಚಿ ಮಾವ ಖಾಯ್ ಇವತ್ತೂ ಅದೇ ಮಾತು ಹೇಳಿದರು: "ನನ್ನ ಕೈಯಾರೆ ನದೀಗೆ ಬೀಳಿಸ್ದೆ. ತಪ್ಪಾಯ್ತು." ಕಾಗದಕ್ಕೆ ಚಿಪ್ಪಿನ ಪುಡಿಯ ಅಂಟು ಬಳಿಯುತ್ತಿದ್ದ ಸೊಸೆ ಥೋವಾಳ ಕೈ ನಿಂತುಹೋಯಿತು.

ಯುದ್ಧದಲ್ಲಿ, ಮರದಚ್ಚಿನ ಚಿತ್ರಗಳಿಗೆ ಹೆಸರಾದ ದೋಂಗ್ ಹೊ ಊರಿಗೆ ಬೆಂಕಿ ಬಿದ್ದಾಗ ಮನೆಯವರು ಅಚ್ಚಿನ ಹಲಗೆಗಳನ್ನು ದೋಣಿಗೆ ಹೇರಿ ನದಿ ದಾಟಿದ್ದರು. ಮರಳಿ ಬಂದು ನೋಡಿದರೆ ಕೋಳಿ-ಮರಿಗಳ ಚಿತ್ರದ, ಬಣ್ಣಕ್ಕೊಂದರಂತೆ ಇದ್ದ ನಾಲ್ಕು ಹಲಗೆಗಳಲ್ಲಿ ಕಪ್ಪಿನದೇ ಇಲ್ಲ. ಅದು ಮಾವನ ಅಜ್ಜ ಕೆತ್ತಿದ್ದು. ನೋಡಿ ಮತ್ತೆ ಕೆತ್ತೋಣವೆಂದರೆ ಹಳೆಯ ಹಾಳೆಗಳೂ ಮನೆಯ ಜೊತೆಗೇ ಸುಟ್ಟಿದ್ದವು. ದೋಣಿಗೆ ಹೇರಿದವನು ತಾನು, ಬೀಳಿಸಿದವನೂ ತಾನೇ ಎಂದು ಮಾವ ತೀರ್ಮಾನಿಸಿಬಿಟ್ಟರು. ಅವರ ತೀರ್ಮಾನ ಅಂದರೆ ಕಲ್ಲಿನ ಮೇಲೆ ಬರೆದ ಹಾಗೆ.

ಹಲಗೆ ನದಿಗೆ ಬಿದ್ದಿರಲಿಲ್ಲ. ಆಚೆ ದಡದ ಗುಡಿಸಲಲ್ಲಿ ಥೋವಾಳ ಪುಟ್ಟ ಮಗಳು ಮೆನ್ ಜ್ವರದಿಂದ ನಡುಗುತ್ತಿದ್ದಳು, ಸೌದೆಯೆಲ್ಲ ನೆನೆದಿತ್ತು, ಮಾವ ಔಷಧಿಗೆ ಹೋಗಿದ್ದರು. ಥೋವಾ ಆ ಹಲಗೆಯನ್ನು ಸೀಳಿ ಒಲೆಗಿಟ್ಟು ಗಂಜಿ ಕಾಯಿಸಿದ್ದಳು. ಅದೂ ನಾಲ್ಕರಲ್ಲಿ ಅದನ್ನೇ ಆಯ್ದು. ಕೆಂಪು, ಹಸಿರು, ಹಳದಿಯಲ್ಲೇ ಚಿತ್ರದ ಚೆಲುವು. ಈ ಮಸಿ ಮೆತ್ತಿದ್ದು ಹೋದರೆ ಹೋಗಲಿ ಎಂದುಕೊಂಡಿದ್ದಳು. ನೇಕಾರರ ಊರಿನಿಂದ ಬಂದವಳು. ಆರು ವರ್ಷ ಅಂಟು ಬಳಿದದ್ದು ಬಿಟ್ಟರೆ ಹಲಗೆ ಮುಟ್ಟಿದವಳಲ್ಲ.

ಮೊನ್ನೆ ಮಾವ ಮೂರು ಬಣ್ಣ ಒತ್ತಿ ನೋಡಿದಾಗಲೇ ಅವಳಿಗೆ ತಿಳಿದದ್ದು. ಕೋಳಿಗೆ ಕಣ್ಣಿಲ್ಲ, ಕೊಕ್ಕಿಲ್ಲ, ಮರಿಗಳೆಲ್ಲ ಬರೀ ಕಲೆ. ಕೊನೆಗೆ ಕಪ್ಪು ಗೆರೆ ಬೀಳದೆ ಅಲ್ಲಿ ಚಿತ್ರವೇ ಇರಲಿಲ್ಲ. ತನ್ನ ತಪ್ಪಿಗೆ ಮುದಿಜೀವ ದಿನಾ ಮಂಡಿಯೂರುವುದನ್ನು ಇನ್ನು ನೋಡಲಾರಳು.

"ಮಾವ, ಹಿರೀಕರ ಮುಂದೆ ಇನ್ನು ಹಾಗನ್ಬೇಡಿ. ಅದು ನದೀಗೆ ಬಿದ್ದಿಲ್ಲ. ಮೆನ್‌ಗೆ ಜ್ವರ ಬಂದಾಗ ನಾನೇ ಒಲೆಗಿಟ್ಟೆ."

ಮಾವ ಪೀಠದ ಮುಂದಿನಿಂದ ಎದ್ದು ಅವಳ ಕಡೆ ತಿರುಗಿದರು.

"ಮಗು ಗಂಜಿ ಕುಡೀತಾ?"

"ಕುಡೀತು."

"ಕೆಂಪಿಂದನ್ನ ಸುಡಬಾರ್ದಿತ್ತೇನೇ ತಾಯಿ? ಗೆರೆ ಒಂದಿದ್ದಿದ್ರೆ ಮಿಕ್ಕಿದ್ದನ್ನ ನಾಲ್ಕು ದಿನದಲ್ಲಿ ಕೆತ್ಕೋತಿದ್ದೆ."

"ಗೊತ್ತಿರ್ಲಿಲ್ಲ ಮಾವ. ಬೈದುಬಿಡಿ ನನ್ನ."

"ಹೇಗೆ ಗೊತ್ತಿರತ್ತೆ? ವಿದ್ಯೆ ನಿನ್ನ ತೌರಿಗೆ ಹೋದೀತು ಅಂತ ಆರು ವರ್ಷ ನಿನ್ನ ಹಲಗೆ ಹತ್ರಾನೇ ಬಿಟ್ಕೊಳ್ಲಿಲ್ವಲ್ಲ ನಾನು."

ಅವರು ಪೀಠದ ಕಡೆ ತಿರುಗಿ ಇನ್ನೊಂದು ಊದುಕಡ್ಡಿ ಹಚ್ಚಿದರು. "ನದಿ ಅಂದಿದ್ದು ಸುಳ್ಳು," ಎಂದರು ಹಿರಿಯರಿಗೆ. "ತಪ್ಪು ಮಾತ್ರ ನಂದೇ."

ಬೈಗುಳವಾದರೂ ತನ್ನ ಪಾಲಿಗೆ ಬರಲಿ ಎಂದು ಥೋವಾ ನಿಂತೇ ಇದ್ದಳು. ಮಾವ ತಿರುಗಿ ನೋಡಲಿಲ್ಲ.