ಅವಸರ ಇದ್ದರೆ ನೀನು ಮುಂದೆ ಹೋಗು

ಗುಮಿತಿರ್ ಘಾಟಿಯ ತಿರುವುಗಳಲ್ಲಿ ನಿಲ್ಲುವವರಿಗೆ ಚಿಲ್ಲರೆ ಎಸೆಯದೆ ದಾಟುವ ಲಾರಿ ಡ್ರೈವರ್ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೆ ಎಲ್ಲೋ ಎದುರಿಗೆ ಬಂದ ಬಸ್ಸಿಗೆ ಮೂತಿ ಕೊಟ್ಟು ಮುಗಿದುಹೋಗಿರುತ್ತಾನೆ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಕಾಫಿ ತೋಟದ ಕಣಿವೆ, ನಡುವೆ ಎರಡು ಲಾರಿ ಮೈ ಉಜ್ಜಿಕೊಂಡು ಹೋಗುವಷ್ಟೇ ರಸ್ತೆ. ತಿರುವಿನಾಚೆ ಏನು ಬರುತ್ತಿದೆ ಎಂದು ಡ್ರೈವರನಿಗೆ ಕಾಣುವುದಿಲ್ಲ, ಮೂಲೆಯಲ್ಲಿ ನಿಂತವನಿಗೆ ಕಾಣುತ್ತದೆ. ಅವನು ಕೈ ಬೀಸಿದರೆ ಹೋಗಬೇಕು, ಅಂಗೈ ತೋರಿಸಿದರೆ ನಿಲ್ಲಬೇಕು. ದಾಟುವಾಗ ಕಿಟಕಿಯಿಂದ ಅವನ ಕಾಲ ಬಳಿಗೆ ಒಂದು ನಾಣ್ಯ. ಅವನ ಹೆಸರು ಯಾರಿಗೂ ಗೊತ್ತಿಲ್ಲ, ಮುಖವನ್ನು ಯಾರೂ ನೋಡುವುದಿಲ್ಲ. ಜೀವವನ್ನೇ ಒಪ್ಪಿಸುವ ಆ ಕೈಯನ್ನು ಮಾತ್ರ ನೋಡಿ ಮುಂದಕ್ಕೆ ಸಾಗುತ್ತಾರೆ.

ಮರ್ಸುಕಿಯೂ ಹಾಗೆಯೇ ಸಾಗಿದವನು. ಜೆಂಬರ್‌ನಿಂದ ಬಾನ್ಯುವಾಂಗಿಗೆ ಸಿಮೆಂಟು ಹೊರುವ ಕಂಪನಿಯಲ್ಲಿ ಅವನು ಹಳೆಯ ಡ್ರೈವರ್. ಅವನಿಗಿಂತ ಹಳಬ ಕುಸ್ನಾನ್ ಒಬ್ಬನೇ. ಮರ್ಸುಕಿ ಅವನನ್ನು ಅಣ್ಣ ಎನ್ನುವ ಹಾಗೆ ಕಾಂಗ್ ಎಂದೇ ಕರೆಯುತ್ತಿದ್ದ. ಇಬ್ಬರ ಲಾರಿಗಳೂ ಜೊತೆಯಾಗಿಯೇ ಘಾಟಿ ಹತ್ತುತ್ತಿದ್ದವು, ಜೊತೆಯಾಗಿಯೇ ಇಳಿಯುತ್ತಿದ್ದವು. ಮುಂದೆ ಕುಸ್ನಾನ್, ಹಿಂದೆ ಮರ್ಸುಕಿ. ಯಾರೂ ಮಾಡಿದ ನಿಯಮವಲ್ಲ, ಹಾಗೆ ನಡೆದುಕೊಂಡು ಬಂದಿತ್ತು.

ನಮ್ಮ ಕಡೆ ಲಾರಿಯ ಬೆನ್ನಿಗೆ ಚಿತ್ರ ಬರೆಸದೆ ಇದ್ದರೆ ಅದು ಲಾರಿಯೇ ಅಲ್ಲ. ಕೆಲವರು ಹೆಂಗಸಿನ ಮುಖ ಬರೆಸುತ್ತಾರೆ, ಕೆಲವರು ಹುಲಿ. ಕುಸ್ನಾನ್ ಒಂದು ಆಮೆ ಬರೆಸಿ, ಅದರ ಕೆಳಗೆ ಹಳದಿ ಅಕ್ಷರದಲ್ಲಿ ‘ಅವಸರ ಇದ್ದರೆ ನೀನು ಮುಂದೆ ಹೋಗು’ ಎಂದು ಬರೆಸಿದ್ದ. ಹಾರ್ನ್ ಹೊಡೆಯುತ್ತ ಬಂದ ಬಸ್ಸಿನವರೆಲ್ಲ ಅದನ್ನು ಓದಿ ಹಲ್ಲು ಕಡಿಯುತ್ತಿದ್ದರು. ಮರ್ಸುಕಿ ವರ್ಷಗಟ್ಟಲೆ ಅದನ್ನೇ ಓದಿಕೊಂಡು ಘಾಟಿ ಇಳಿದವನು. ಯಾವ ಅಕ್ಷರದ ಬಣ್ಣ ಎಲ್ಲಿ ಎದ್ದಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ.

ಹೀಗಿರುವಾಗ ಕಂಪನಿ ಎಲ್ಲ ಲಾರಿಗಳಿಗೂ ಪೆಟ್ಟಿಗೆ ಕೂರಿಸಿತು. ಸ್ಟೇರಿಂಗಿನ ಕೆಳಗೆ, ಊಟದ ಡಬ್ಬಿಯಷ್ಟು ದೊಡ್ಡದು. ಅದು ಆಕಾಶದಿಂದ ಲಾರಿಯ ವೇಗ ತಿಳಿದುಕೊಳ್ಳುತ್ತದಂತೆ. ಘಾಟಿಯಲ್ಲಿ ಮಿತಿ ಮೀರಿದರೆ ಪೆಟ್ಟಿಗೆ ಕಿರುಚುತ್ತದೆ, ಆಫೀಸಿನಲ್ಲಿ ಡ್ರೈವರ್‌ಗಳೆಲ್ಲ ಸಾರ್ ಎನ್ನುವ ಹಾಗೆ ಪಾಕ್ ಎಂದು ಕರೆಯುವ ಮ್ಯಾನೇಜರ್ ಹೆಂಡಾರ್ತೊ ಅವರ ಪರದೆಯ ಮೇಲೆ ಕೆಂಪು ಚುಕ್ಕೆ ಬೀಳುತ್ತದೆ. ಚುಕ್ಕೆ ಹೆಚ್ಚಾದರೆ ಎಚ್ಚರಿಕೆ ಪತ್ರ. ಮೂರನೆಯ ಪತ್ರ ಬಂದರೆ ಬೀಗದ ಕೈ ಕೊಟ್ಟು ಮನೆಗೆ.

ಆಮೆಯ ಲಾರಿಯ ಪೆಟ್ಟಿಗೆ ಮೊದಲ ದಿನದಿಂದಲೇ ಕಿರುಚಲು ಶುರುಮಾಡಿತು.

ಘಾಟಿಯ ಬುಡದಲ್ಲಿ ರುಕಯಾಳ ಕಾಫಿ ಅಂಗಡಿಯಲ್ಲಿ ಕುಸ್ನಾನ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಲೋ ಸುಕಿ, ನನ್ ಪೆಟ್ಟಿಗೆ ಪ್ರಕಾರ ನಾನು ವಿಮಾನ ಓಡಿಸ್ತಿದೀನಿ. ಹಿಂದೆ ಇರೋ ನಿನ್ ಪೆಟ್ಟಿಗೆ ನೋಡಿದ್ರೆ ಎತ್ತಿನಗಾಡಿ ಅನ್ನತ್ತೆ. ಇಬ್ರೂ ಒಟ್ಟಿಗೇ ಬಂದು ಒಂದೇ ಬೆಂಚಲ್ಲಿ ಕೂತಿದೀವಲ್ಲ, ಹೆಂಗೋ ಇದು?"

"ಆ ಪೆಟ್ಟಿಗೆಗೆ ಒಂದ್ ಲೋಟ ಕಾಫಿ ಕುಡಿಸು ಕಾಂಗ್, ಸುಮ್ನಾಗತ್ತೆ," ಎಂದಳು ರುಕಯಾ, ಕರಿದ ಬಾಳೆಹಣ್ಣಿನ ತಟ್ಟೆ ಇಡುತ್ತ.

"ನಿನ್ ಕಾಫಿ ಕುಡಿದ್ರೆ ಇನ್ನೂ ಜೋರಾಗಿ ಕಿರುಚತ್ತೆ ಬಿಡು."

ಎರಡನೆಯ ಪತ್ರ ಬಂದ ಮೇಲೆ ಕುಸ್ನಾನ್ ನಗುವುದನ್ನು ಬಿಟ್ಟ. ಮೂರನೆಯದಕ್ಕೆ ಮುಂಚೆ ಹೆಂಡಾರ್ತೊ ಮರ್ಸುಕಿಯನ್ನು ಒಳಗೆ ಕರೆದರು. ಕುಸ್ನಾನ್ ಅಲ್ಲೇ ಕುರ್ಚಿಯ ತುದಿಯಲ್ಲಿ ಕುಳಿತಿದ್ದ. ಅವನ ಮುಖದಲ್ಲಿ ಭಯವಿರಲಿಲ್ಲ. ಸಾಕ್ಷಿ ಹೇಳಲು ತಮ್ಮನೇ ಬಂದನಲ್ಲ ಎಂಬ ನೆಮ್ಮದಿ ಇತ್ತು.

"ಯಾವಾಗ್ಲೂ ನೀವೇ ತಾನೆ ಇವ್ರ ಹಿಂದೆ ಇರೋದು?" ಎಂದರು ಹೆಂಡಾರ್ತೊ. "ನೀವು ಹೇಳಿದ್ದನ್ನ ನಾನು ಮೇಲಕ್ಕೆ ಬರೆದು ಕಳಿಸ್ತೀನಿ. ಜೋರಾಗಿ ಹೋಗಿದ್ರಾ, ಇಲ್ವಾ?"

ಇಲ್ಲ ಎನ್ನಬೇಕಿತ್ತು. ಇಲ್ಲ ಎನ್ನಲು ಎಷ್ಟು ಹೊತ್ತು ಬೇಕು? ಆದರೆ ಬಾಗಿಲಾಚೆ ಅಂಗಳದಲ್ಲಿ ಆಮೆಯ ಲಾರಿ ನಿಂತಿತ್ತು. ಕಂಪನಿಯ ಹೊಸ ಲಾರಿಗಳಲ್ಲಿ ಒಂದು, ತಂಪು ಗಾಳಿ ಬರುತ್ತದೆ, ಸೀಟು ಬೆನ್ನು ಮುರಿಯುವುದಿಲ್ಲ. ಮರ್ಸುಕಿಯದು ಮಳೆ ಬಂದರೆ ಮಂಡಿಯ ಮೇಲೆ ಸೋರುವ ಮುದಿ ಲಾರಿ. ಕುಸ್ನಾನ್ ಹೋದರೆ ಅದು ಯಾರಿಗೆ ಬರುತ್ತದೆಂದು ಕೇಳುವ ಅಗತ್ಯವೇ ಇರಲಿಲ್ಲ. ಕಂಪನಿಗೆ ಎದುರು ಮಾತಾಡಿದರೆ ತನಗೂ ಒಂದು ಪತ್ರ ಬಂದೀತೆಂಬ ಹೆದರಿಕೆ ಬೇರೆ.

"ತಿರುವು ಜಾಸ್ತಿ ಪಾಕ್," ಎಂದ ಮರ್ಸುಕಿ. "ಮುಂದಿನ್ ಗಾಡಿ ಒಂದೊಂದ್ ಸಲ ಕಾಣ್ಸಲ್ಲ."

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಸುಳ್ಳು ಎಂದು ಯಾರೂ ಹೇಳುವ ಹಾಗಿಲ್ಲ, ನಿಜವಂತೂ ಅಲ್ಲ. ಹೆಂಡಾರ್ತೊ ತಲೆಯಾಡಿಸಿ ಬರೆದುಕೊಂಡರು.

ಮೂರನೆಯ ಪತ್ರ ಕೈಗೆ ಬಂದಾಗ ಕುಸ್ನಾನ್ ಕೂಗಾಡಲಿಲ್ಲ. ಲಾರಿಯ ಕನ್ನಡಿಗೆ ನೇತುಹಾಕಿದ್ದ ಜಪಮಾಲೆಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ. ಗೇಟಿನ ಹತ್ತಿರ ಮರ್ಸುಕಿಯನ್ನು ನೋಡಿ, "ಇಷ್ಟ್ ವರ್ಷ ನನ್ ಗಾಡಿ ಬೆನ್ನು ಓದ್ಕೊಂಡೇ ಬಂದ್ಯಲ್ಲೋ ಸುಕಿ. ಅವತ್ತು ಮಾತ್ರ ಕಾಣ್ಲಿಲ್ವಾ?" ಎಂದ. ಉತ್ತರಕ್ಕೆ ಕಾಯದೆ ಹೊರಟುಹೋದ.

ಆ ದಿನ ಮರ್ಸುಕಿ ಹೆಂಡತಿಗೆ, "ಪೆಟ್ಟಿಗೆಗೆ ಯಾರ ಮೇಲೆ ದ್ವೇಷ ಹೇಳು? ಏನೋ ಇರ್ಬೇಕು, ಅದಕ್ಕೇ ಕಿರುಚಿದೆ," ಎಂದ. ಅವನು ಅದೇ ಮಾತನ್ನು ಊಟದ ಹೊತ್ತಿನಲ್ಲಿ ಇನ್ನೊಮ್ಮೆ ಹೇಳಿದ.

ಆಮೆಯ ಲಾರಿ ಅವನಿಗೇ ಬಂತು. ಬೆನ್ನಿನ ಬರಹ ಅಳಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಮೊದಲ ಸಲ ಘಾಟಿ ಇಳಿಯುವಾಗ ಅವನ ಮುಂದೆ ಬಿದಿರು ಹೇರಿಕೊಂಡ ಮುದಿ ಲಾರಿಯೊಂದು ತೆವಳುತ್ತಿತ್ತು. ಪಕ್ಕದಲ್ಲಿ ಹುಲ್ಲಿನ ಹೊರೆ ಹೊತ್ತು ನಡೆದುಹೋಗುತ್ತಿದ್ದ ಹೆಂಗಸು ಅವನನ್ನು ಹಿಂದೆ ಹಾಕಿ ಮುಂದೆ ಹೋದಳು. ಆಗಲೇ ಪೆಟ್ಟಿಗೆ ಕಿರುಚಿತು.

ಮರ್ಸುಕಿ ಬ್ರೇಕು ಒತ್ತಿ ಲಾರಿಯನ್ನು ಪೂರ್ತಿ ನಿಲ್ಲಿಸಿದ. ನಿಂತ ಲಾರಿಯೊಳಗೆ ಪೆಟ್ಟಿಗೆ ಇನ್ನೂ ಕೂಗುತ್ತಿತ್ತು. ಹಿಂದಿನ ವಾಹನಗಳು ಹಾರ್ನ್ ಹೊಡೆಯತೊಡಗಿದವು. ಕುಸ್ನಾನ್ ಹೇಳಿದ್ದೆಲ್ಲ ನಿಜ, ಒಂದಕ್ಷರವೂ ಹೆಚ್ಚು ಕಮ್ಮಿ ಇರಲಿಲ್ಲ. ಅದು ಮರ್ಸುಕಿಗೆ ಹೊಸದೂ ಅಲ್ಲ. ಗೊತ್ತಿದ್ದದ್ದೇ ಈಗ ಕಿವಿಯ ಹತ್ತಿರ ಬಂದು ಕೂಗಿತು, ಅಷ್ಟೇ.

ಮೊದಲ ಪತ್ರ ಬಂದಾಗ ಅವನು ಆಫೀಸಿಗೆ ಓಡಿದ. "ನಿಂತಿದ್ದೆ ಪಾಕ್! ನಿಂತ ಗಾಡಿ ಹೆಂಗೆ ಓಡತ್ತೆ?"

ಹೆಂಡಾರ್ತೊ ಕೆಟ್ಟವರಲ್ಲ. ಪರದೆ ಏನು ತೋರಿಸುತ್ತದೋ ಅದನ್ನು ಮೇಲಿನವರಿಗೆ ಕಳಿಸುವುದು ಅವರ ಕೆಲಸ. "ಎಲ್ರೂ ಹಂಗೇ ಅಂತಾರೆ," ಎಂದರು. "ನಿಮ್ ಹಿಂದೆ ಯಾರಿದ್ರು? ಅವ್ರನ್ನ ಕರ್ಕೊಂಡ್ ಬನ್ನಿ, ಹೇಳ್ಲಿ."

ಮರ್ಸುಕಿಯ ಹಿಂದೆ ಈಗ ಕಂಪನಿಯವರು ಯಾರೂ ಇರಲಿಲ್ಲ.

ಆ ವಾರವೇ ಅವನು ಸಿಮೆಂಟು ಹೇರಿಕೊಂಡು ಮತ್ತೆ ಘಾಟಿ ಹತ್ತುತ್ತಿದ್ದ. ಪೆಟ್ಟಿಗೆ ಎರಡು ತಿರುವಿಗೊಮ್ಮೆ ಕಿರುಚುತ್ತಿತ್ತು, ಅವನು ಅದಕ್ಕೆ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದ. ದೊಡ್ಡ ತಿರುವಿನ ಮೂಲೆಯಲ್ಲಿ ಹುಲ್ಲಿನ ಟೋಪಿ ಹಾಕಿಕೊಂಡವನೊಬ್ಬ ಅಂಗೈ ತೋರಿಸಿದ. ಮರ್ಸುಕಿ ನಿಂತ. ಬಸ್ಸು ಇಳಿದು ಹೋಯಿತು. ಕೈ ಬೀಸಿತು. ಮರ್ಸುಕಿ ಗೇರು ಹಾಕಿ, ಎಂದಿನಂತೆ ಚಿಲ್ಲರೆ ಡಬ್ಬಿಗೆ ಕೈ ಹಾಕಿ, ಕಿಟಕಿಯಿಂದ ನಾಣ್ಯ ಎಸೆದ. ನಾಣ್ಯ ಕೈ ಬಿಟ್ಟ ಮೇಲೆ, ಪೆಟ್ಟಿಗೆಯ ಕೂಗು ಕೇಳಿ, ಆ ಮನುಷ್ಯ ತಲೆಯೆತ್ತಿದ.

ಕುಸ್ನಾನ್.

ಎಸೆದ ನಾಣ್ಯವನ್ನು ಗಾಳಿಯಲ್ಲೇ ಹಿಡಿದು ವಾಪಸು ತರುವ ಹಾಗಿದ್ದರೆ ಮರ್ಸುಕಿ ಆ ಕ್ಷಣ ತನ್ನ ಕೈಯನ್ನೇ ಕೊಟ್ಟುಬಿಡುತ್ತಿದ್ದ. ತಿರುವಿನಲ್ಲಿ ಲಾರಿ ನಿಲ್ಲಿಸುವಂತಿರಲಿಲ್ಲ. ಮೇಲೆ ರಸ್ತೆ ಅಗಲವಾದ ಕಡೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಕೆಳಕ್ಕೆ ಓಡಿಕೊಂಡು ಬಂದ.

"ಆ ಕಡೆ ನಿಂತ್ಕೋಬೇಡ, ಗಾಡಿ ಬರ್ತಿದೆ," ಎಂದ ಕುಸ್ನಾನ್, ಅವನ ಕಡೆ ನೋಡದೆ. ಹಾಲಿನ ವ್ಯಾನೊಂದನ್ನು ದಾಟಿಸಿ, ಬಿದ್ದ ನಾಣ್ಯ ಎತ್ತಿಕೊಂಡು, ಆಮೇಲೆ ತಿರುಗಿದ.

"ಕಾಂಗ್, ನೀವು ಇಲ್ಲಿ… ನಂಗ್ ಗೊತ್ತಿರ್ಲಿಲ್ಲ. ಬೇರೆ ಕಂಪನಿ ಸೇರಿದೀರ ಅಂತ ಯಾರೋ ಅಂದ್ರು."

"ಎಲ್ ಹೋದ್ರೂ ಅದೇ ಪ್ರಶ್ನೆ. ಹಳೇ ಕೆಲ್ಸ ಯಾಕ್ ಬಿಟ್ರಿ ಅಂತ. ಸ್ಪೀಡು ಅಂತ ಬಿಡಿಸಿದ್ರು ಅಂದ್ರೆ ಕೂರು ಅಂತಾನೂ ಹೇಳಲ್ಲ. ಇಲ್ಲಿ ಯಾರೂ ಏನೂ ಕೇಳಲ್ಲ ನೋಡು. ಕೈ ನೆಟ್ಟಗಿದ್ರೆ ಆಯ್ತು." ಅವನು ಮೇಲೆ ನಿಂತಿದ್ದ ಲಾರಿಯ ಕಡೆ ಗಲ್ಲ ಎತ್ತಿ ತೋರಿಸಿದ. "ಇನ್ನೂ ಕಿರುಚ್ತಾನೇ ಇದಾಳಲ್ಲ ನನ್ ಹಳೇ ಹೆಂಡ್ತಿ!"

ಮರ್ಸುಕಿಗೆ ನಗು ಬರಲಿಲ್ಲ. "ನಾನ್ ಹೋಗಿ ಹೇಳ್ತೀನಿ ಕಾಂಗ್. ನೀವು ಜೋರಾಗಿ ಹೋಗಿರ್ಲಿಲ್ಲ, ನಾನೇ ಹಿಂದೆ ಇದ್ದೆ, ಎಲ್ಲಾ ನೋಡಿದ್ದೆ ಅಂತ ಹೇಳ್ತೀನಿ."

"ಅದು ನಿನ್ ಮೇಲೆ ಕಿರುಚದೇ ಇದ್ದಿದ್ರೆ ಹೇಳ್ತಿದ್ಯಾ?"

ಮರ್ಸುಕಿ ನೆಲ ನೋಡಿದ. ಕುಸ್ನಾನ್ ಅವನನ್ನು ಹೆಚ್ಚು ಹೊತ್ತು ಹಾಗೆ ನಿಲ್ಲಿಸಲಿಲ್ಲ. ಅಷ್ಟು ಒಳ್ಳೆಯವನಾಗಿರಬಾರದಿತ್ತು ಅವನು.

"ಹೋಗ್ಲಿ ಬಿಡು. ಹೇಳೋದಾದ್ರೆ ಹೇಳು, ಬೇಡ ಅನ್ನಲ್ಲ. ಇಲ್ಲಿ ನಿಂತು ನಿಂತು ಬೇಜಾರಾಗಿದೆ ಕಣೋ. ಮಲಗಿದ್ರೆ ಕಾಲು ತಾನಾಗೇ ಕ್ಲಚ್ ಹುಡುಕತ್ತೆ ಅಂತ ನನ್ ಹೆಂಡ್ತಿ ಬೈತಾಳೆ." ಆಮೇಲೆ ಮುಷ್ಟಿ ತೆರೆದು ನಾಣ್ಯ ತೋರಿಸಿದ. "ಇನ್ನೊಂದ್ ಮಾತು. ಹೋಗ್ತಾ ಬರ್ತಾ ಇದನ್ನ ಎಸಿ. ನಾನು ಅಂತ ಎಸೀದೆ ಹೋದ್ಯೋ, ಅಯ್ಯೋ ಪಾಪ ಅಂದಂಗೆ ಆಗತ್ತೆ. ನಾನಿಲ್ಲಿ ಕೆಲ್ಸ ಮಾಡ್ತಿದೀನಿ, ಭಿಕ್ಷೆ ಬೇಡ್ತಿಲ್ಲ."

ಮರ್ಸುಕಿ ಆಫೀಸಿಗೆ ಹೋದ, ಹೇಳಿದ. ಈ ಸಲ ಅಡ್ಡಗೋಡೆ ಇಲ್ಲ, ದೀಪ ಇಲ್ಲ. ಅವತ್ತು ನಾನು ಹೇಳಿದ್ದು ತಪ್ಪು, ಕುಸ್ನಾನ್ ಒಂದು ದಿನವೂ ಜೋರಾಗಿ ಹೋದವನಲ್ಲ ಎಂದ. ಹೆಂಡಾರ್ತೊ ಪರದೆಯ ಮೇಲಿನ ಕೆಂಪು ಚುಕ್ಕೆಗಳನ್ನು ಮತ್ತೊಮ್ಮೆ ನೋಡಿದರು. ಒಂದೇ ಲಾರಿ, ಇಬ್ಬರು ಡ್ರೈವರ್‌ಗಳು, ಒಂದೇ ಕೂಗು. ಕೊನೆಗೆ ಮೆಕ್ಯಾನಿಕ್ಕನನ್ನು ಕರೆಸಿ ಪೆಟ್ಟಿಗೆ ಬಿಚ್ಚಿಸಿದರು. ಲಾರಿಯ ನೆತ್ತಿಗೆ ಹೋಗುವ ವೈರು ಕೂರಿಸುವಾಗಲೇ ತಗಡಿಗೆ ಸಿಕ್ಕಿ ಜಜ್ಜಿಹೋಗಿತ್ತು. ಘಾಟಿಯ ಮರಗಳ ಕೆಳಗೆ ಪೆಟ್ಟಿಗೆಗೆ ಲಾರಿ ಎಲ್ಲಿದೆ ಎಂಬುದೇ ತಪ್ಪಿಹೋಗಿ, ಈ ತಿರುವಿನಿಂದ ಕಣಿವೆಯಾಚೆಯ ಆ ತಿರುವಿಗೆ ಹಾರಿತು ಎಂದು ಲೆಕ್ಕ ಹಾಕುತ್ತಿತ್ತು.

"ಹೊಸ ಪೆಟ್ಟಿಗೆ ಹಾಕಿಸ್ತೀನಿ," ಎಂದರು ಹೆಂಡಾರ್ತೊ. "ನಿಮ್ ಪತ್ರ ವಾಪಸ್ ತಗೋತೀವಿ."

"ಕಾಂಗ್ ಕುಸ್ನಾನ್?"

ಹೆಂಡಾರ್ತೊ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನೂ ಅದನ್ನೇ ಯೋಚಿಸ್ತಿದೀನಿ. ಅವ್ರದ್ದು ತಪ್ಪಿಲ್ಲ, ಒಪ್ಕೊಂಡೆ. ಆದ್ರೆ ಅವ್ರ ಗಾಡಿ ನಿಮ್ ಹತ್ರ ಇದೆ. ನಿಮ್ ಹಳೇ ಗಾಡಿ ಮಾರಿ ಆಯ್ತು. ಇರೋದು ಒಂದ್ ಸೀಟು. ನೀವು ಇಳೀತೀನಿ ಅಂದ್ರೆ ನಾಳೇನೇ ಅವ್ರನ್ನ ಕರೆಸ್ತೀನಿ. ಹೇಳಿ, ಏನ್ ಮಾಡ್ಲಿ?"

ಮರ್ಸುಕಿಯ ಮಗಳು ಸೂಲಗಿತ್ತಿ ತರಬೇತಿಗೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಅವನ ವಯಸ್ಸಿನವರನ್ನು ಬೇರೆ ಯಾವ ಕಂಪನಿ ಕರೆಯುತ್ತದೆ? ಇವೆಲ್ಲ ನಿಜವೇ. ತಿರುವು ಜಾಸ್ತಿ ಎಂಬುದೂ ನಿಜವೇ ಆಗಿತ್ತಲ್ಲ. ಮೇಲೆ ಫ್ಯಾನು ತಿರುಗುತ್ತಿತ್ತು. ಕುಸ್ನಾನ್ ಅವತ್ತು ಕುಳಿತಿದ್ದ ಕುರ್ಚಿ ಪಕ್ಕದಲ್ಲೇ ಇತ್ತು, ಖಾಲಿ.

"ಮನೇಲಿ ಒಂದ್ ಮಾತು ಕೇಳಿ ಹೇಳ್ತೀನಿ ಪಾಕ್," ಎಂದ ಮರ್ಸುಕಿ.

ಮನೆಯಲ್ಲಿ ಅವನು ಕೇಳಲೇ ಇಲ್ಲ. ಹೆಂಡಾರ್ತೊ ಕೂಡ ಮತ್ತೆ ಕೇಳಲಿಲ್ಲ. ಅಂಥ ಮಾತಿಗೆ ಉತ್ತರ ಬರದಿದ್ದರೆ ಅದೇ ಉತ್ತರ ಎಂದು ಆಫೀಸಿನವರಿಗೆ ಚೆನ್ನಾಗಿ ಗೊತ್ತು.

ಹೊಸ ಪೆಟ್ಟಿಗೆ ಹಾಕಿಸಿಕೊಂಡು ಘಾಟಿ ಹತ್ತುವಾಗ, ಕುಸ್ನಾನ್ ಇವತ್ತು ಬಂದಿರದಿದ್ದರೆ ಸಾಕು ಎಂದು ಮರ್ಸುಕಿ ದಾರಿಯುದ್ದಕ್ಕೂ ಬೇಡಿಕೊಂಡ. ಕುಸ್ನಾನ್ ಬಂದಿದ್ದ. ದೂರದಿಂದಲೇ ಆಮೆಯ ಲಾರಿಯ ಸದ್ದು ಗುರುತಿಸಿ ಟೋಪಿ ಹಿಂದಕ್ಕೆ ಸರಿಸಿಕೊಂಡ. ಲಾರಿ ಹತ್ತಿರವಾದಂತೆ ಕಿವಿಗೆ ಅಂಗೈ ಹಿಡಿದು, ತಲೆ ಓರೆ ಮಾಡಿ ಕೇಳಿದ. ಕೂಗಿಲ್ಲ. ಪೆಟ್ಟಿಗೆ ತೆಪ್ಪಗಿತ್ತು. ಅವನ ಮುಖವೆಲ್ಲ ಅರಳಿತು. ಹಾಗಾದರೆ ಸುಕಿ ಹೇಳಿದ್ದಾನೆ, ಆಫೀಸಿನವರು ಒಪ್ಪಿದ್ದಾರೆ! ಎರಡು ಹೆಜ್ಜೆ ಮುಂದೆ ಬಂದು ಕಿಟಕಿಯ ಕಡೆ ನೋಡಿದ, ಈಗ ಸುಕಿ ಏನಾದರೂ ಹೇಳುತ್ತಾನೆಂದು.

ಮರ್ಸುಕಿ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದು ನೇರ ಮುಂದಕ್ಕೆ ನೋಡುತ್ತಿದ್ದ.

ಕುಸ್ನಾನ್‌ಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಿವಿಯ ಬಳಿಯ ಕೈ ನಿಧಾನಕ್ಕೆ ಕೆಳಗಿಳಿಯಿತು. ಆಮೇಲೆ ಅವನು ತನ್ನ ಮೂಲೆಗೆ ಹಿಂತಿರುಗಿ, ತಿರುವಿನಾಚೆ ಇಣುಕಿ, ಯಾರೂ ಬರುತ್ತಿಲ್ಲ ಎಂದು ಎರಡೆರಡು ಸಲ ನೋಡಿ ಖಚಿತ ಮಾಡಿಕೊಂಡು, ದಾರಿ ಬಿಟ್ಟಿದೆ ಬಾ ಎಂದು ಕೈ ಬೀಸಿದ. ಬೇರೆ ಯಾವ ಲಾರಿಗೆ ಬೀಸುತ್ತಾನೋ ಹಾಗೆಯೇ, ಅಷ್ಟೇ ಜತನದಿಂದ.

ಮರ್ಸುಕಿ ಡಬ್ಬಿಗೆ ಕೈ ಹಾಕಿ ನಾಣ್ಯ ಎಸೆದ. ಪೆಟ್ಟಿಗೆ ಸುಮ್ಮನಿದ್ದುದರಿಂದ ಅದು ಡಾಂಬರಿನ ಮೇಲೆ ಬಿದ್ದ ಸದ್ದು ಚೆನ್ನಾಗಿ ಕೇಳಿಸಿತು. ಕನ್ನಡಿಯಲ್ಲಿ ಕುಸ್ನಾನ್ ಬಗ್ಗಿ ಅದನ್ನು ಎತ್ತಿಕೊಳ್ಳುವುದು ಕಂಡಿತು. ಎದ್ದು ನಿಂತವನ ಕಣ್ಣೆದುರಿಗೇ ಅವನದೇ ಆಮೆ, ಅವನದೇ ಹಳದಿ ಅಕ್ಷರಗಳು ಇರುತ್ತವೆ ಎಂದು ಮರ್ಸುಕಿಗೆ ಗೊತ್ತಿತ್ತು. ಅವನು ಗೇರು ಬದಲಾಯಿಸಿ ಮುಂದೆ ಹೋದ.