ಹನ್ನೊಂದು ಗಂಟೆಯ ಫೋನು

ಲಿಫ್ಟ್ ರಿಪೇರಿ ಮಾಡುವಾಗ ಬಿದ್ದು ಸೊಂಟ ಮುರಿದುಕೊಂಡಿದ್ದ ಅಪ್ಪ ಎರಡು ತಿಂಗಳ ಮೇಲೆ ಆಸ್ಪತ್ರೆಯಿಂದ ಮನೆಗೆ ಬಂದ. ಅವತ್ತಿನಿಂದ ಮೂರನೇ ಕ್ಲಾಸಿನ ಮಗಳು ಚೂಟಿ ಶಾಲೆಗೆ ಹೋಗುವುದನ್ನೇ ಬಿಟ್ಟಳು. ಬೆಳಗಾದರೆ ಹೊಟ್ಟೆನೋವು, ಅಪ್ಪನ ಅಂಗಿಯ ತುದಿ ಬಿಡುತ್ತಿರಲಿಲ್ಲ.

ಹೊಟ್ಟೆಯಲ್ಲಿ ಏನೂ ಇಲ್ಲ ಎಂದರು ಡಾಕ್ಟರು. ಹೀಗೇ ಆದರೆ ಹೆಸರು ತೆಗೆಯಬೇಕಾಗುತ್ತದೆ ಎಂದರು ಹೆಡ್‌ಮಾಸ್ತರು. ಬಲವಂತ ಮಾಡಬೇಡಿ ಎಂದರು ಆಪ್ತಸಮಾಲೋಚಕಿ. "ಎರಡು ಬಿಗಿದ್ರೆ ತಾನಾಗೇ ಹೋಗ್ತಾಳೆ" ಎಂದಳು ಅಜ್ಜಿ. ಹೋದಲ್ಲೆಲ್ಲ ಮೊದಲಿಂದ ಅದೇ ಕಥೆ ಹೇಳಿ ಅಮ್ಮನ ನಾಲಿಗೆ ಸವೆದಿತ್ತು. ಬಡಾವಣೆಯ ಕ್ಲಿನಿಕ್ಕಿನ ನರ್ಸಮ್ಮನ ಎದುರು ಕೂತಾಗ ಅರ್ಧ ಕಥೆ ಹೇಳುವಷ್ಟರಲ್ಲೇ ಅತ್ತುಬಿಟ್ಟಳು.

"ನೀವು ಅಲೆದದ್ದು ಸಾಕು ಕಣಮ್ಮ," ಎಂದರು ನರ್ಸಮ್ಮ, "ಅವರನ್ನೇ ಎಲ್ಲ ಒಂದು ಕಡೆ ಕೂರಿಸ್ತೀನಿ."

ಗುರುವಾರ ಸಂಜೆ ಶಾಲೆಯ ಪುಟ್ಟ ಕುರ್ಚಿಗಳಲ್ಲಿ ಎಲ್ಲರೂ ಮೊಣಕಾಲು ಮಡಚಿ ಕೂತರು.

"ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅನ್ನೋ ಹಾಗಾಗಿದೆ," ಎಂದರು ನರ್ಸಮ್ಮ.

"ಇದರಲ್ಲಿ ಕೋಣ ನಾನೇನಾ?" ಎಂದು ಹೆಡ್‌ಮಾಸ್ತರು ಕೇಳಿದ್ದಕ್ಕೆ ಚೂಟಿ ಕಿಸಕ್ಕನೆ ನಕ್ಕಳು. ಸಮಾಲೋಚಕಿ ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು.

"ಶಾಲೆಗೆ ಹೋದ್ರೆ ಏನಾಗುತ್ತೆ ಪುಟ್ಟಾ?"

"ನಾನು ಶಾಲೇಲಿದ್ದಾಗ್ಲೇ ಅಪ್ಪ ಬಿದ್ದಿದ್ದು. ಯಾರೂ ನಂಗೆ ಹೇಳ್ಲೇ ಇಲ್ಲ."

ಅಪ್ಪ ಅವಳನ್ನು ಹತ್ತಿರಕ್ಕೆ ಎಳೆದುಕೊಂಡ. "ನಂಗೂ ಭಯ ಆಗುತ್ತೆ ಮಗಳೇ. ಲಿಫ್ಟಿನ ಬಾಗಿಲು ಕಂಡ್ರೆ ಹಿಂದಕ್ಕೆ ತಿರುಗಿ ಬಂದ್ಬಿಡ್ತೀನಿ." ಹೆಂಡತಿಗೂ ಹೇಳಿರದ ಮಾತದು.

ಅಲ್ಲೇ, ಒಂದೇ ಹಾಳೆಯ ಮೇಲೆ, ಎಲ್ಲರ ಕೆಲಸ ಬರೆದರು. ಅಪ್ಪ ಮಗಳಿಬ್ಬರೂ ವಾರಕ್ಕೊಮ್ಮೆ ಸಮಾಲೋಚಕಿಯ ಬಳಿ ಹೋಗುವುದು. ಶಾಲೆಗೆ ಬಿಡುವುದು ಅಜ್ಜಿ. ದಿನಾ ಹನ್ನೊಂದಕ್ಕೆ ಹೆಡ್‌ಮಾಸ್ತರ ಕೋಣೆಯಿಂದ ಚೂಟಿ ಅಪ್ಪನಿಗೆ ಫೋನು ಮಾಡುವುದು. ಹೆಸರು ತೆಗೆಯುವ ಮಾತೇ ಇಲ್ಲ.

ಮೊದಲ ವಾರ ಚೂಟಿ ಗೇಟು ದಾಟಲಿಲ್ಲ. ಅಜ್ಜಿ ಗದರದೆ ಅವಳ ಜೊತೆ ಹೊರಗಿನ ಕಟ್ಟೆಯ ಮೇಲೆ ಕೂತಳು. ಎರಡನೇ ವಾರ ಒಂದು ಪೀರಿಯಡ್ಡು. ನಡುವೆ ಎರಡು ದಿನ ಮತ್ತೆ ಹೊದಿಕೆಯೊಳಗೆ ಮುದುಡಿದಾಗ ನರ್ಸಮ್ಮ ಮನೆಗೇ ಬಂದರು. ತಿಂಗಳು ಕಳೆಯುವಷ್ಟರಲ್ಲಿ ಅರ್ಧ ದಿನ, ಆಮೇಲೆ ಇಡೀ ದಿನ.

ಒಂದು ಸೋಮವಾರ ಹನ್ನೊಂದಾಯಿತು, ಹನ್ನೆರಡಾಯಿತು, ಫೋನು ಬರಲಿಲ್ಲ. ಚಪ್ಪಲಿ ಮೆಟ್ಟಿ ಹೊರಟಿದ್ದ ಅಪ್ಪ, ಸಮಾಲೋಚಕಿ ಕಲಿಸಿದಂತೆ ನಿಧಾನವಾಗಿ ಉಸಿರೆಳೆದು ಬಿಟ್ಟು, ಕೂತ. ನಾಲ್ಕು ಗಂಟೆಗೆ ಅಜ್ಜಿಯ ಜೊತೆ ಗೇಟಿನಲ್ಲಿದ್ದ. ಗೆಳತಿಯರ ಗುಂಪಿನಿಂದ ಚೂಟಿ ಬಾಣದಂತೆ ಬಂದಳು.

"ಫೋನ್ ಯಾಕೆ ಮಾಡ್ಲಿಲ್ಲ?"

"ಅಯ್ಯೋ ಅಪ್ಪಾ, ಓಟದಲ್ಲಿ ನಮ್ ಟೀಮು ಫಸ್ಟು! ಮರೆತೇ ಹೋಯ್ತು!"

ಅಪ್ಪನ ಕಣ್ಣು ತುಂಬಿ ಬಂತು. ಅಜ್ಜಿಯಂತೂ "ಮರೆತುಬಿಟ್ಟಳಂತೆ ಕಣ್ರೀ, ಮರೆತೇಬಿಟ್ಟಳಂತೆ!" ಎಂದು ದಾರಿಯಲ್ಲಿ ಕಂಡಕಂಡವರಿಗೆಲ್ಲ ಸಾರುತ್ತ, ಎಲ್ಲರಿಗಿಂತ ಮುಂದೆ ನಡೆದಳು.