ಹೈಜಂಪ್ ಕಂಬಕ್ಕೊಂದು ಬೆಣೆ

ಹಾರುವಾಗ ಕೋಲನ್ನು ನಾನು ಮುಟ್ಟಿರಲಿಲ್ಲ. ಮರಳಿನಲ್ಲಿ ಬಿದ್ದು, ಎದ್ದು, ಮೈ ಕೊಡವಿಕೊಳ್ಳುತ್ತಿದ್ದೆ. ಆಗ ಎಡಗಡೆಯ ಮರದ ಕಂಬ ಗಾಳಿಗೆ ತೂರಾಡಿ ಕೋಲನ್ನು ಕೆಳಗೆ ಹಾಕಿತು.

“ಬಿತ್ತು” ಎಂದರು ನಮ್ಮ ಕಾಲೇಜಿನ ಪಿ.ಟಿ. ಮೇಷ್ಟ್ರು ಮಹಾಲಿಂಗಯ್ಯ.

“ನಾನಲ್ಲ ಸಾರ್, ಕಂಬ ಬೀಳಿಸಿದ್ದು.”

“ಕಂಬ ಏನು ಹಾರಕ್ಕೆ ಬಂದಿತ್ತೇನಮ್ಮ? ಸೋಮವಾರ ಕೊನೇ ಸೆಲೆಕ್ಷನ್ನು. ಒಂದು ಮೀಟರ್ ಮೂವತ್ತೈದು ದಾಟಿದ್ರೆ ತುಮಕೂರು ಸ್ಪೋರ್ಟ್ಸಿಗೆ, ಇಲ್ದಿದ್ರೆ ಮನೆಗೆ.”

“ಅಷ್ಟರೊಳಗೆ ಕಂಬ ರಿಪೇರಿ ಮಾಡಿಸಿ ಸಾರ್.”

“ಒಬ್ಬಳು ಹುಡುಗಿ ಹಾರಕ್ಕೆ ಬಡಗೀನ ಕರೆಸಾನಾ? ಅಷ್ಟು ಆಸೆ ಇದ್ರೆ ಹೊತ್ಕೊಂಡೋಗಿ ನೀನೇ ಮಾಡ್ಕೊ.”

ಸುತ್ತ ನಿಂತವರನ್ನು ನಗಿಸಲೆಂದು ಹೇಳಿದ ಮಾತು. ನಾನು ಹೊತ್ತುಕೊಂಡೇ ಹೋದೆ.

ಮಧುಗಿರಿ ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ತಡೆದ. “ಇದೇನವ್ವ, ಗರುಡಗಂಬಾನಾ? ಊರಲ್ಲಿ ಗುಡಿ ಕಟ್ತಿದೀರಾ?”

“ಹೂಂ. ದೇವರು ನಾನೇ. ಹಿಂದಿನ ಬಾಗಿಲು ತೆಗೀರಿ.”

ದಾರಿಯುದ್ದಕ್ಕೂ ಕಂಬವನ್ನು ತಬ್ಬಿಕೊಂಡು ಕುಳಿತೆ. ಅಜ್ಜಿ ಹೇಳುವ ಕಥೆಯೊಂದರಲ್ಲಿ ಏಳು ಸುತ್ತಿನ ಕೋಟೆ ಹಾರುವ ಕುದುರೆ ಇದೆ. ಚಿಕ್ಕವಳಿದ್ದಾಗ ನನ್ನ ಜೊತೆ ಕಥೆ ಕೇಳುತ್ತಿದ್ದವರೆಲ್ಲ ರಾಜಕುಮಾರಿ ಆಗುತ್ತಿದ್ದರು. ನನಗೆ ಕುದುರೆಯೇ ಆಗಬೇಕಿತ್ತು. ಕೋಟೆ ಹಾರಿದ್ದು ಅದು ತಾನೆ? ಮೇಲೆ ಕೂತವನಿಗೆ ಯಾಕೆ ಹೆಸರು ಎಂದು ಅಜ್ಜಿಯ ಜೊತೆ ಜಗಳವಾಡುತ್ತಿದ್ದೆ.

ಹೊಳವನಹಳ್ಳಿಯಲ್ಲಿ ಇಳಿದು ಮನೆಯ ಅಂಗಳಕ್ಕೆ ಕಂಬ ತಂದಾಗ ಅಜ್ಜಿ ಚಿಕ್ಕಲಕ್ಷ್ಮಮ್ಮ ಅದನ್ನು ಹಿಡಿದು ಅಲ್ಲಾಡಿಸಿ ನೋಡಿತು. ಕಂಬದ ತುದಿ ಅಡಿಹಲಗೆಯ ತೂತಿನೊಳಗೆ ಕೂರುವ ಜಾಗದಲ್ಲಿ ಸವೆದು ಸಡಿಲವಾಗಿತ್ತು.

“ಇಷ್ಟೇ ತಾನೆ? ಗಾಡಿ ಚಕ್ರ ಸಡ್ಲಾದ್ರೆ ನಿಮ್ಮ ತಾತ ಕೆರೆನಾಗೆ ಮುಳುಗಿಸಿ ಇಡ್ತಿತ್ತು. ಮರ ನೀರು ಕುಡುದು ಉಬ್ಬಿ ಬಿಗಿ ಆಗೋದು. ಹಾಕು ತೊಟ್ಟಿಗೆ.”

ದನಗಳು ನೀರು ಕುಡಿಯುವ ತೊಟ್ಟಿಯಲ್ಲಿ ರಾತ್ರಿಯೆಲ್ಲ ಕಂಬದ ಬುಡ ನೆನೆಯಿತು. ಶನಿವಾರ ಬೆಳಿಗ್ಗೆ ಎತ್ತಿ ನಿಲ್ಲಿಸಿದರೆ ಬಂಡೆಯ ಹಾಗೆ ನಿಂತಿತು. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಗೆಲ್ಲ ಕೇಳುವಂತೆ ನಕ್ಕಿತು. ಮಧ್ಯಾಹ್ನದ ಬಿಸಿಲಿಗೆ ಮರ ಒಣಗಿತು. ಮೊದಲಿಗಿಂತ ಹೆಚ್ಚು ತೂರಾಡಿತು.

ಪಕ್ಕದ ಮನೆ ಪಟಾಲಮ್ಮ ಗೋಡೆಯ ಮೇಲಿಂದ ಇಣುಕಿದರು. “ಏನ್ ಶ್ರೀಲತಾ, ಕಂಬಕ್ಕೆ ಸ್ನಾನ ಆಯ್ತು, ಮದುವೆ ಯಾವಾಗ?”

“ಅದಕ್ಕೆ ನೆಟ್ಟಗೆ ನಿಲ್ಲೋಕೆ ಬರಲಿ ಅತ್ತೆ, ಆಮೇಲೆ ನೋಡಾಣ.”

ಅಜ್ಜಿ ಮಾತ್ರ ನಗಲಿಲ್ಲ. ಕಂಬದ ಬುಡ ಸವರುತ್ತಾ ಕೂತಿತ್ತು. “ಗಾಡಿ ಚಕ್ರದ ಸುತ್ತ ಕಬ್ಬಿಣದ ಪಟ್ಟಿ ಇರ್ತದೆ ಕಣಮ್ಮ. ಇದಕ್ಕೇನೈತೆ? ನಾನೇ ಎಡವಿಬುಟ್ಟೆ. ಬೇರೆ ದಾರಿ ಹುಡುಕು.”

ಭಾನುವಾರ ಸುತ್ತಿಗೆಯಿಂದ ತಟ್ಟಿ ತಟ್ಟಿ ಕಂಬವನ್ನು ಅಡಿಹಲಗೆಯಿಂದ ಬಿಡಿಸಿದೆ. ಒಳಗೆ ಯಾರೋ ಹೊಡೆದಿದ್ದ ಐದು ತುಕ್ಕು ಮೊಳೆಗಳು. ಒಂದೊಂದು ಮೊಳೆಯೂ ಮರವನ್ನು ಇನ್ನಷ್ಟು ಸೀಳಿತ್ತು. ಎಲ್ಲ ಕಿತ್ತು, ಹಳೆಯ ಅಂಟು ಕೆರೆದು, ಕಂಬದ ತುದಿಯ ನಡುವೆ ಗರಗಸದಿಂದ ಎರಡು ಬೆರಳು ಆಳದ ಸೀಳು ಕೊಯ್ದೆ. ಮುರಿದ ಗುದ್ದಲಿಯ ಒಣ ಮರದ ಹಿಡಿಯಿಂದ ಬೆಣೆ ಕೆತ್ತಿದೆ. ಮೊದಲನೆಯದು ದಪ್ಪವಾಗಿ ಎರಡು ತುಂಡಾಯಿತು. ಎರಡನೆಯದು ತೆಳುವಾಗಿ ಸೀಳಿನಿಂದ ಜಾರಿ ಬಿತ್ತು. ಮೂರನೆಯದನ್ನು ಕೆತ್ತುವಾಗ ಹೆಬ್ಬೆರಳು ಕೊಯ್ದುಕೊಂಡೆ.

“ಬುಡು ಲತಾ, ಅವರ ಕಂಬಕ್ಕೆ ನಿನ್ನ ರಕ್ತ ಯಾಕೆ?” ಎಂದಿತು ಅಜ್ಜಿ.

“ಕಂಬ ಅವರದು ಅಜ್ಜಿ. ಹಾರೋದು ನಾನು.”

ಅಂಟು ಬಳಿದು, ತುದಿಯನ್ನು ತೂತಿಗೆ ತೂರಿಸಿ, ಅಡಿಹಲಗೆಯ ಕೆಳಗಿನಿಂದ ಸೀಳಿನೊಳಕ್ಕೆ ಬೆಣೆ ಹೊಡೆದೆ. ಪ್ರತಿ ಏಟಿಗೂ ಸದ್ದು ಗಟ್ಟಿಯಾಗುತ್ತಾ, ಕೊನೆಗೆ ಕಲ್ಲಿಗೆ ಹೊಡೆದಂತೆ ಕೇಳಿಸಿತು. ಅಜ್ಜಿ ಕಾಲ ತುದಿಯಿಂದ ಕಂಬವನ್ನು ಒದ್ದು ನೋಡಿತು. ಕಂಬ ಮಿಸುಕಲಿಲ್ಲ, ಅಜ್ಜಿಗೇ ನೋವಾಯಿತು.

ಸೋಮವಾರ ಕಾಲೇಜಿನ ಮೈದಾನದಲ್ಲಿ ಮಹಾಲಿಂಗಯ್ಯ ಮೇಷ್ಟ್ರು ಎರಡು ಕೈಯಲ್ಲಿ ಕಂಬ ಹಿಡಿದು ಜಗ್ಗಿದರು. ಬಗ್ಗಿ ಅಡಿ ನೋಡಿದರು.

“ಯಾರ ಕೈಲಿ ಮಾಡಿಸ್ದೆ?”

ಬಟ್ಟೆ ಸುತ್ತಿದ ಹೆಬ್ಬೆರಳು ತೋರಿಸಿದೆ. ಅವರು ಕೋಲನ್ನು ಒಂದು ಮೂವತ್ತೈದಕ್ಕೆ ಇಟ್ಟರು.

ಓಡಿ ಬಂದು ಹಾರಿದೆ. ಹಿಮ್ಮಡಿ ತಗುಲಿತು. ಕೋಲು ಬಿತ್ತು.

“ಈಗೇನಂತೀಯಾ? ಇದೂ ಕಂಬದ ತಪ್ಪಾ?”

“ಇಲ್ಲ ಸಾರ್. ಇದು ನಾನೇ ಬೀಳಿಸಿದ್ದು. ಅವತ್ತಿನದು ಅಲ್ಲ. ಇನ್ನೂ ಎರಡು ಸಲ ಹಾರಬಹುದು ನಾನು.”

ಅವರ ಉತ್ತರಕ್ಕೆ ಕಾಯದೆ ಹಿಂದಕ್ಕೆ ನಡೆದೆ. ಗಾಳಿ ಜೋರಾಗಿಯೇ ಇತ್ತು. ನಿಲ್ಲಲಿ ಎಂದು ಕಾಯಲಿಲ್ಲ. ಓಡಿದೆ, ನೆಲ ಒದ್ದು ಹಾರಿದೆ. ಮರಳಿನಲ್ಲಿ ಬಿದ್ದವಳು ಅಲ್ಲೇ ಅಂಗಾತ ಮಲಗಿ ಮೇಲೆ ನೋಡಿದೆ. ಕೋಲು ಇದ್ದಲ್ಲೇ ಇತ್ತು.

ಮೇಷ್ಟ್ರು ಸ್ವಲ್ಪ ಹೊತ್ತು ಅದನ್ನೇ ನೋಡಿದರು, ಬೀಳಬಹುದೇನೋ ಎಂಬಂತೆ. ಆಮೇಲೆ ಪೆನ್ನು ತೆಗೆದರು. “ಸರಿ ಕಣಮ್ಮ, ಬರ್ಕೊಂಡೆ. ಸಾಕು ಇವತ್ತಿಗೆ.”

“ನಿಮಗೆ ಸಾಕು ಸಾರ್” ಎಂದೆ. ಎದ್ದು ಹೋಗಿ ಕೋಲನ್ನು ಒಂದು ಮೂವತ್ತೆಂಟಕ್ಕೆ ಏರಿಸಿದೆ.